ಎತ್ತಿ ನೋಡಿದ ಹಗ್ಗ

"ಹಿಡಿದದ್ದನ್ನು ಬಿಡದವನೇ ಕೊನೆಗೆ ಗೆಲ್ಲುವುದು, ಅಲ್ಲವೇ?" ಎಂದು ಮಾಬ್ಲ ಕೇಳಿದ.

ಕೇಳಿದ್ದು ತನಗೆ ವ್ಯಾಪಾರ ಕಲಿಸಿದ ಗುರುವನ್ನು. ಗುರು ಹಿಂದೆ ಹಗ್ಗದ ವ್ಯಾಪಾರಿ. ವಯಸ್ಸಾದ ಮೇಲೆ ಅಂಗಡಿಯನ್ನು ಮಗಳಿಗೆ ಒಪ್ಪಿಸಿ, ಕೇಳಿ ಬಂದವರಿಗೆ ಬುದ್ಧಿ ಹೇಳಿಕೊಂಡಿದ್ದರು. ಕೇಳದವರಿಗೆ ಹೇಳುತ್ತಿರಲಿಲ್ಲ.

ಮಾಬ್ಲನದು ಹಿತ್ತಾಳೆ ಕೊಡಗಳ ಅಂಗಡಿ. ಅದನ್ನು ಅವನು ನದಿಯ ದೋಣಿಕಡವಿನಲ್ಲಿ ಇಟ್ಟಿದ್ದ. ಈಗ ಸ್ವಲ್ಪ ದೂರ ಮೇಲ್ಗಡೆ ಸೇತುವೆಯಾಗಿ ದೋಣಿ ನಿಂತುಹೋಗಿತ್ತು. ಅಂಗಡಿಯನ್ನು ಸೇತುವೆಯ ಬುಡಕ್ಕೆ ಒಯ್ಯೋಣ ಎಂದು ಹೆಂಡತಿ ಹೇಳುತ್ತಿದ್ದಳು. ಇಟ್ಟ ಜಾಗ ಬಿಡುವುದಿಲ್ಲ ಎಂದು ಅವನು ದೇವರ ಮುಂದೆ ಆಣೆ ಮಾಡಿದ್ದ.

"ಜನ ಬರುವುದಿಲ್ಲ ಎಂದಲ್ಲ," ಎಂದ. "ನನ್ನ ಅಂಗಡಿಯ ಬೆಂಚು ಬೆಳಗಿನಿಂದ ತುಂಬಿರುತ್ತದೆ. ನಾನು ಗಟ್ಟಿಯಾಗಿ ಕೂತರೆ ಸಾಕು. ನೀವು ಹೌದು ಅಂತ ಒಂದು ಮಾತು ಹೇಳಿದರೆ ಅವಳೂ ಸುಮ್ಮನಾಗುತ್ತಾಳೆ."

ಗುರು ಆ ಒಂದು ಮಾತು ಹೇಳಲಿಲ್ಲ. ಒಂದು ಕತೆ ಹೇಳಿದರು.

ನದಿ ಸಮುದ್ರ ಸೇರುವ ಅಳಿವೆಯಲ್ಲಿ ಒಂದು ಊರು. ಆ ಊರಿನವರು ನೀಲಿಕಲ್ಲು ಬೆಳೆಯುತ್ತಿದ್ದರು. ನೀಲಿಕಲ್ಲು ಎಂದರೆ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಚಿಪ್ಪು. ಒಳಗಿನ ಮಾಂಸಕ್ಕೆ ಪೇಟೆಯಲ್ಲಿ ಗಿರಾಕಿ ತಪ್ಪುವುದಿಲ್ಲ. ಈ ಬೆಳೆಗೆ ಯಾರೂ ಬೀಜ ಬಿತ್ತುವುದಿಲ್ಲ. ಹೊರಗಿನ ಬಂಡೆಗಳ ಮೇಲಿರುವ ದೊಡ್ಡ ಚಿಪ್ಪುಗಳು ತಮ್ಮ ಕಾಲಕ್ಕೆ ಮೊಟ್ಟೆಯನ್ನು ನೀರಿಗೆ ಬಿಡುತ್ತವೆ. ಅದರಿಂದಾದ ಮರಿ ಧೂಳಿಗಿಂತ ಸಣ್ಣದು. ಕೆಲವು ವಾರ ಅದು ತೇಲುತ್ತದೆ. ನೀರಿನೊಳಗಿನ, ನಮ್ಮ ಕಣ್ಣಿಗೆ ಕಾಣದ ಹಸಿರನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಅಳಿವೆಯ ನೀರು ಸಪ್ಪೆ, ಅಲ್ಲಿಗೆ ಬಂದರೆ ಅದು ಬದುಕುವುದಿಲ್ಲ. ಮಳೆ ಹಿಂದೆ ಸರಿದು ಉಪ್ಪು ಒಳಗೆ ತಿರುಗಿದಾಗ ಭರತದ ಏರುನೀರಿನ ಜೊತೆ ಬರುತ್ತದೆ. ಅಷ್ಟರಲ್ಲಿ ಅದಕ್ಕೆ ಹಿಡಿಯಲು ಒಂದು ಕಾಲು ಮೂಡಿರುತ್ತದೆ. ಶುಚಿಯಾದ ನಾರು ಸಿಕ್ಕರೆ ಕೂರುತ್ತದೆ. ಸಿಗದಿದ್ದರೆ ಮುಂದೆ ಹೋಗುತ್ತದೆ. ಅದು ಗಿರಾಕಿಯ ಹಾಗೆ, ಹೋಗುವಾಗ ಹೇಳಿ ಹೋಗುವುದಿಲ್ಲ.

ಊರಿನವರು ಅಳಿವೆಯಲ್ಲಿ ಕಂಬ ನೆಟ್ಟು, ಕಂಬಗಳ ನಡುವೆ ತೆಂಗಿನ ನಾರಿನ ಹಗ್ಗ ಇಳಿಬಿಡುತ್ತಿದ್ದರು. ಇದಕ್ಕೊಂದು ಕಟ್ಟಳೆಯಿತ್ತು. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ಕಾಯಿ ಬಿಟ್ಟು, ಅದೇ ದಿನ ಹಗ್ಗ ಇಳಿಸಬೇಕು. ಇಳಿಸಿದ ಹಗ್ಗವನ್ನು ಬೆಳೆ ಕೊಯ್ಯುವವರೆಗೆ ಎತ್ತಬಾರದು. ಎತ್ತಿದರೆ ಸಮುದ್ರಕ್ಕೆ ಕೊಟ್ಟ ಮಾತು ಮುರಿದಂತೆ. ಯಾರ ಹಗ್ಗಕ್ಕೆ ಬೆಳೆ ಹತ್ತಲಿಲ್ಲವೋ ಅವರ ಕಂಬ ಮರುವರ್ಷ ಬೇರೆಯವರ ಪಾಲು.

ಅಲ್ಲಿ ಒಬ್ಬ ಚಿಪ್ಪುಗಾರನಿದ್ದ. ಅವನ ಪಕ್ಕದ ಕಂಬಗಳು ಒಬ್ಬ ಹೆಂಗಸಿನವು. ಅವಳಿಗೆ ಇದ್ದದ್ದು ಆ ಕಂಬಗಳು ಮಾತ್ರ. ಅವು ಕೈತಪ್ಪಿದರೆ ಅವಳು ಬೇರೆಯವರ ಅಂಗಳದಲ್ಲಿ ಕೂತು ಚಿಪ್ಪು ಬಿಡಿಸುವ ಕೂಲಿಯವಳು.

ಆ ವರ್ಷ ಹುಣ್ಣಿಮೆ ಬಂತು, ಮಳೆ ಹೋಗಲಿಲ್ಲ. ಎಲ್ಲರೂ ಹಗ್ಗ ಇಳಿಸಿದರು. ಚಿಪ್ಪುಗಾರ ಗಂಟಿನ ಮೇಲೆ ಗಂಟು ಹಾಕಿದ. "ಪ್ರಳಯವಾದರೂ ಎತ್ತುವವನಲ್ಲ" ಎಂದು ಹತ್ತು ಜನ ಕೇಳುವಂತೆ ಹೇಳಿದ.

ನದಿ ಕೆಂಪಾಗಿಯೇ ಹರಿಯುತ್ತಿತ್ತು. ಹೆಂಗಸು ನೀರನ್ನು ನಾಲಗೆಗೆ ಹಚ್ಚಿ ನೋಡಿದಳು. ಸಪ್ಪೆ. ಒಂದು ಹಗ್ಗ ಎತ್ತಿದಳು. ಕೆಸರು, ಲೋಳೆ. ಉಳಿದದ್ದನ್ನೂ ಎತ್ತಿದಳು. ಬಂಡೆಗೆ ಬಡಿದು ತೊಳೆದು ಬಿಸಿಲು ಬಿದ್ದಾಗೆಲ್ಲ ಹರಡಿದಳು.

"ಏನೇ, ಹಗ್ಗದ ಹಪ್ಪಳ ಮಾಡ್ತಿದ್ದೀಯಾ?" ಎಂದ ಚಿಪ್ಪುಗಾರ.

"ಹೌದು, ನಿನಗೂ ಎರಡು ಕಳಿಸ್ತೇನೆ. ಕರಿಯಲಿಕ್ಕೆ ಎಣ್ಣೆ ನಿನ್ನದು."

ಊರು ನಕ್ಕಿತು. ಊರಿನ ಯಜಮಾನ ನಗಲಿಲ್ಲ. "ಕಟ್ಟಳೆ ಮುರಿದಿದ್ದೀಯ. ಈ ಸಲ ನಿನ್ನ ಹಗ್ಗ ಬರಿದಾದರೆ ಕಂಬ ಮಾತ್ರವಲ್ಲ, ಈ ನೀರಿಗೆ ಇಳಿಯುವ ಹಕ್ಕೂ ಹೋಗುತ್ತದೆ" ಎಂದ.

"ಆಗಲಿ" ಎಂದಳು ಅವಳು.

ಮಳೆ ಕಡಿಮೆಯಾಯಿತು. ನೀರಿಗೆ ಉಪ್ಪು ಬಂತು. ಅವಳು ಹಗ್ಗ ಇಳಿಸಿದಳು. ಆದರೆ ಮೊದಲು ಬಂದದ್ದು ನೀಲಿಕಲ್ಲಿನ ಮರಿಯಲ್ಲ. ದೋಣಿಯ ಅಡಿಗೆ ಹತ್ತಿಕೊಳ್ಳುತ್ತದಲ್ಲ, ತಿನ್ನಲಿಕ್ಕೂ ಬಾರದ ಮಾರಲಿಕ್ಕೂ ಬಾರದ ಗಡುಸು ಬಿಳಿ ಗುಳ್ಳೆ, ಅದು ಬಂತು. ಖಾಲಿ ಜಾಗ ಕಂಡಲ್ಲೆಲ್ಲ ಕೂತಿತು. ಅವಳು ಮತ್ತೆ ಹಗ್ಗ ಎತ್ತಿದಳು. ಒಡೆದ ಚಿಪ್ಪಿನಿಂದ ಗುಳ್ಳೆ ಕೆರೆದಳು. ಅಂಗೈ ಸೀಳಿತು, ಸೀಳಿಗೆ ಉಪ್ಪು ಹತ್ತಿತು. ಬಟ್ಟೆ ಸುತ್ತಿಕೊಂಡು ಉಳಿದದ್ದನ್ನು ಕೆರೆದಳು.

ಪಕ್ಕದಲ್ಲಿ ಚಿಪ್ಪುಗಾರನ ಹಗ್ಗಗಳು ದಿನದಿನಕ್ಕೆ ಬಿಗಿಯಾಗುತ್ತಿದ್ದವು. ಕಂಬ ಬಾಗತೊಡಗಿತ್ತು.

"ನೋಡು ಮಾರಾಯ್ತಿ, ಭಾರ ನೋಡು!" ಎಂದ ಅವನು. "ಕೂತವನಿಗೆ ಬರುತ್ತದೆ. ಕುಣಿದವಳಿಗೆ ಕೈ ನೋವು."

"ಭಾರ ಕಾಣ್ತದೆ. ಏನು ಭಾರ ಅಂತ ಎತ್ತಿ ನೋಡು."

"ಎತ್ತಿದರೆ ಮಾತು ಹೋಗ್ತದೆ."

ಅವಳು ದೊಡ್ಡ ಹಗ್ಗಗಳನ್ನು ಬಂಡೆಯ ಮೇಲೆ ಒಣಗಲು ಬಿಟ್ಟಳು. ಕಂಬಕ್ಕೆ ಮೊಳದುದ್ದದ ಒಂದು ನಾರಿನ ತುಂಡು ಮಾತ್ರ ಕಟ್ಟಿದಳು. ಭರತ ಇಳಿದಾಗಲೆಲ್ಲ ಹೋಗಿ ಅದನ್ನು ಹೆಬ್ಬೆರಳಿನಲ್ಲಿ ತಿಕ್ಕಿ ನೋಡಿದಳು. ಲೋಳೆ ಹತ್ತಿದ್ದರೆ ತುಂಡು ಬದಲಿಸಿದಳು. ಗುಳ್ಳೆ ಹತ್ತಿದ್ದರೂ ಬದಲಿಸಿದಳು. ಊರಿನವರಿಗೆ ನಕ್ಕು ನಕ್ಕು ಸಾಕಾಯಿತು. ಆಮೇಲೆ ಅವಳ ಕಂಬಗಳನ್ನು ಯಾರು ತೆಗೆದುಕೊಳ್ಳುವುದು ಎಂದು ಮಾತಾಡಿಕೊಂಡರು. ಅದು ಅವಳ ಕಿವಿಗೂ ಬಿತ್ತು. ಅವಳು ಮರುದಿನವೂ ತುಂಡು ಬದಲಿಸಿದಳು.

ಒಂದು ಬೆಳಿಗ್ಗೆ ಹೆಬ್ಬೆರಳಿಗೆ ರವೆ ತಗುಲಿದಂತಾಯಿತು. ತುಂಡನ್ನು ಬೆಳಕಿಗೆ ಹಿಡಿದಳು. ಕಾಳು ಕಾಳಾಗಿ, ಹಸಿರು ಅಂಚಿನ ನೀಲಿಕಲ್ಲಿನ ಮರಿಗಳು. ಅವಳು ಗಂಜಿಗೂ ಮನೆಗೆ ಹೋಗಲಿಲ್ಲ. ಇದ್ದ ಹಗ್ಗಗಳನ್ನೆಲ್ಲ ಆ ದಿನವೇ ಇಳಿಸಿದಳು. ಈ ಸಲ ಅವಳು ಹಾಕಿದ ಗಂಟು ಚಿಪ್ಪುಗಾರನ ಗಂಟಿಗಿಂತ ಗಟ್ಟಿಯಾಗಿತ್ತು. ಬೆಳೆಗಾಲದವರೆಗೆ ಅದನ್ನು ಮುಟ್ಟಲಿಲ್ಲ.

ಕೊಯ್ಲಿನ ದಿನ ಊರೆಲ್ಲ ಸೇರಿತು. ಮೊದಲು ಚಿಪ್ಪುಗಾರನ ಹಗ್ಗ. ಒಬ್ಬನಿಂದ ಏಳಲಿಲ್ಲ. ಇಬ್ಬರು ಹಿಡಿದರು, ಅದೂ ಸಾಲಲಿಲ್ಲ. ಅವನು ನಗುತ್ತಾ ಇನ್ನೊಬ್ಬನನ್ನು ಕರೆದ. ಹಗ್ಗ ನೀರಿನಿಂದ ಹೊರಗೆ ಬಂತು. ತುದಿಯಿಂದ ತುದಿಗೆ ಬಿಳಿ ಗುಳ್ಳೆ. ಅದರ ಮೇಲೆ ಪಾಚಿ, ಅದರ ಮೇಲೆ ಕೆಸರು. ಒಂದು ಹಿಡಿ ನೀಲಿಕಲ್ಲೂ ಇರಲಿಲ್ಲ. ಭಾರವಾದದ್ದೆಲ್ಲ ಸರಕಲ್ಲ.

ಹೆಂಗಸಿನ ಹಗ್ಗ ಅಷ್ಟು ಭಾರವಿರಲಿಲ್ಲ. ಕೆಳಗಿನ ತುದಿ ಬರಿದಾಗಿತ್ತು. ಮೇಲೆಲ್ಲ ನೀಲಿಕಲ್ಲು, ಗೊಂಚಲು ಗೊಂಚಲು. ಯಜಮಾನ ಒಂದು ಗೊಂಚಲು ಕಿತ್ತು ಕೈಯಲ್ಲಿ ತೂಗಿ ನೋಡಿದ. "ಕಂಬ ಅವಳದೇ" ಎಂದಷ್ಟೇ ಹೇಳಿ ಮುಂದಿನ ಹಗ್ಗಕ್ಕೆ ಹೋದ.

ಚಿಪ್ಪುಗಾರ ಅವಳ ಹತ್ತಿರ ಬಂದ. "ನಾನು ಒಂದು ದಿನವೂ ಜಾಗ ಬಿಡಲಿಲ್ಲ. ನೀನು ಮತ್ತೆ ಮತ್ತೆ ಎತ್ತಿದೆ, ಇಳಿಸಿದೆ. ಗಟ್ಟಿ ನಿಂತವನು ನಾನು, ಬೆಳೆ ನಿನಗೆ. ಇದು ಯಾವ ನ್ಯಾಯ?"

ಅವಳು ಗೊಂಚಲು ಬಿಡಿಸುತ್ತಲೇ ಹೇಳಿದಳು: "ನೀನು ಹಟ ಮಾಡಿದ್ದು ಹಗ್ಗಕ್ಕಾಗಿ. ನಾನು ಹಟ ಮಾಡಿದ್ದು ನೀಲಿಕಲ್ಲಿಗಾಗಿ."

ಗುರು ಕತೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಿದರು.

ಮಾಬ್ಲ ಮುಂದಕ್ಕೆ ಸರಿದು ಕೂತ. "ಹಾಗಾದರೆ ಅಂಗಡಿ ಎತ್ತು ಅಂತ ನಿಮ್ಮ ಮಾತು. ನನ್ನ ಹೆಂಡತಿಯೂ ಅದನ್ನೇ ಹೇಳ್ತಾಳೆ."

"ಎತ್ತು ಅಂತಲೂ ಹೇಳಲಿಲ್ಲ, ಇಡು ಅಂತಲೂ ಹೇಳಲಿಲ್ಲ. ಆಣೆ ನಿನ್ನದು, ಅಂಗಡಿಯೂ ನಿನ್ನದು."

"ಮತ್ತೆ ನನ್ನದೇನು ತಪ್ಪು? ಬೆಂಚು ತುಂಬಿರುತ್ತದೆ ಅಂದೆನಲ್ಲ!"

ಗುರು ಎಲೆ ಮಡಿಸಿ ಬಾಯಿಗಿಡುವ ಮೊದಲು ಕೇಳಿದರು:

"ಆ ಬೆಂಚಿನ ಮೇಲೆ ಕೂರುವವರಲ್ಲಿ ಕೊಡ ಕೊಂಡವರು ಯಾರು, ಮಾಬ್ಲ?"