ನೆರಳು ಬಿಟ್ಟು ಹೋದ ಮನೆ

ಹೂಂ ಅನ್ನುವವರು ಹತ್ತಿರ ಬನ್ನಿ. ಹೂಂ ಅನ್ನದವರು ಗೋಡೆಗೆ ಒರಗಿ ತೂಕಡಿಸಿ, ನನಗೇನೂ ಬೇಜಾರಿಲ್ಲ. ಆದರೆ ನಡುವೆ ಎದ್ದು "ಅದು ಹೇಗೆ ಸಾಧ್ಯ" ಅಂತ ಯಾರಾದರೂ ಕೇಳಿದಿರೋ, ಕತೆಯನ್ನು ಅಲ್ಲೇ ಮಡಚಿ ಅಟ್ಟಕ್ಕೆ ಹಾಕುತ್ತೇನೆ.

ಒಂದಾನೊಂದು ಊರಿನಲ್ಲಿ ಗರಿಗರಿರಾಯ ಅಂತ ಒಬ್ಬ ರಾಜ ಇದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಹಪ್ಪಳ ಒಂದಿದ್ದರೆ ಸಾಕು. ಬೆಳಗ್ಗೆ ಹಪ್ಪಳ, ಮಧ್ಯಾಹ್ನ ಹಪ್ಪಳ, ಸಂಜೆ ಪ್ರಜೆಗಳ ದೂರು ಕೇಳುವಾಗಲೂ ಹಪ್ಪಳ. ಆ ಕರುಂ ಕುರುಂ ಸದ್ದಿನಲ್ಲಿ ಅವನಿಗೆ ಯಾರ ದೂರೂ ಕೇಳಿಸುತ್ತಿರಲಿಲ್ಲ. ಹಪ್ಪಳವನ್ನು ಅರಮನೆಯ ಅಂಗಳದಲ್ಲಿ ಚಾಪೆ ಹಾಸಿ ಒಣಗಿಸುತ್ತಿದ್ದರು. ಹಾಸಿದ ಚಾಪೆಯನ್ನು ಹಪ್ಪಳ ಒಣಗುವ ತನಕ ಯಾರೂ ಎತ್ತಬಾರದು. ಅದು ಅರಮನೆಯ ಕಟ್ಟಳೆ. ಅವನ ತಾತನೂ ಎತ್ತಿರಲಿಲ್ಲ, ಮುತ್ತಾತನೂ ಎತ್ತಿರಲಿಲ್ಲ.

ಅರಮನೆಯ ಪಕ್ಕದಲ್ಲೇ ಮುದ್ದವ್ವನ ಹೆಂಚಿನ ಮನೆ. ಮುದ್ದವ್ವನಿಗೆ ಇದ್ದವಳು ಒಬ್ಬಳೇ ಮಗಳು, ಚೆನ್ನಾಜಿ. ಮದುವೆಯಾಗಿ ದೂರದೂರು ಸೇರಿದ್ದವಳು ಈಗ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ? ಮುದ್ದವ್ವ ಒಂದು ಕೋಣೆ ಸಾರಿಸಿದಳು. ಗಾಳಿ ಬೆಳಕು ನುಸುಳದ ಹಾಗೆ ಕಿಟಕಿಗೆ ಕಂಬಳಿ ಕಟ್ಟಿದಳು. ಬೆಳ್ಳುಳ್ಳಿ ತಂದಳು, ತುಪ್ಪ ಕಾಯಿಸಿದಳು, ಹಳೇ ಸೀರೆ ಒಗೆದು ಮೆತ್ತಗೆ ಮಾಡಿಟ್ಟಳು. ಬಾಣಂತಿ ಕೋಣೆ ಸಿದ್ಧವಾಯಿತು. ಚೆನ್ನಾಜಿಯ ಗಾಡಿ ಹೊರಟಿದೆ ಅಂತ ಸುದ್ದಿಯೂ ಬಂತು.

ಅಲ್ಲೇ ನೋಡಿ ಎಡವಟ್ಟಾಗಿದ್ದು. ಸುದ್ದಿ ಕೇಳಿ ಮುದ್ದವ್ವ ಹಿಗ್ಗಿದಳು, ಅದು ಸರಿ. ಮನೆಯೂ ಹಿಗ್ಗಿತು. ಹಿಗ್ಗಿ ಸುಮ್ಮನಿತ್ತೇ? ಗಾಡಿ ಕಾಣುತ್ತದೇನೋ ಅಂತ ತುದಿಗಾಲಲ್ಲಿ ನಿಂತು ದಾರಿ ನೋಡಿತು. ಮನೆ ಎತ್ತರವಾದರೆ ನೆರಳು ಉದ್ದವಾಗಲೇಬೇಕು. ಆ ನೆರಳು ಹೋಗಿ ರಾಜನ ಹಸಿ ಹಪ್ಪಳದ ಮೇಲೆ ಬಿತ್ತು.

ಸಂಜೆ ರಾಜ ಹಪ್ಪಳ ಕಚ್ಚಿದ. ಕರುಂ ಅನ್ನಲಿಲ್ಲ, ಕುರುಂ ಅನ್ನಲಿಲ್ಲ. ಮೆತ್ತಗೆ ಬಾಗಿತು.

"ಆ ಮನೆಯನ್ನು ಎತ್ತಿ ಗುಡ್ಡದಾಚೆ ಇಡಿ!" ಅಂತ ರಾಜ ಕೂಗಿದ. "ಆಗದಿದ್ದರೆ ಕೆಡವಿ ಹಾಕಿ!"

ಮುದ್ದವ್ವ ಓಡಿಬಂದಳು. "ಬುದ್ಧೀ, ನನ್ನ ಮಗಳು ತುಂಬಿದ ಬಸುರಿ, ಗಾಡೀಲಿ ಬತ್ತಾವಳೆ. ಮನೇನೇ ಇಲ್ದಿದ್ರೆ ಅವಳು ಎಲ್ಲಿಗೆ ಬತ್ತಾಳೆ?"

"ಗುಡ್ಡದಾಚೆಗೆ ಬರಲಿ."

"ಗುಡ್ಡದಾಚೆ ನಮ್ಮನೆ ಐತೆ ಅಂತ ಅವಳಿಗೆ ಗೊತ್ತಿಲ್ವಲ್ಲ ಬುದ್ಧೀ!"

ರಾಜ ಆಗಲೇ ಹಳೇ ಡಬ್ಬಿಯಿಂದ ಒಂದು ಹಪ್ಪಳ ತೆಗೆದಿದ್ದ. ಕರುಂ ಕುರುಂ. ಅವನಿಗೆ ಕೇಳಿಸಲಿಲ್ಲ.

ಮುದ್ದವ್ವ ಮನೆಗೆ ಬಂದು ಗೋಡೆಗೆ ಒಂದು ಗುದ್ದಿದಳು. "ನಿನಗ್ಯಾಕೆ ಬೇಕಿತ್ತು ತುದಿಗಾಲು?"

"ನಿನಗೊಬ್ಬಳಿಗೇನಾ ಆತುರ?" ಅಂತು ಮನೆ. "ಅವಳು ಅಂಬೆಗಾಲಿಕ್ಕಿದ್ದು ನನ್ನ ನೆಲದ ಮ್ಯಾಲೆ ಕಣವ್ವ."

ಮುದ್ದವ್ವ ಗುದ್ದಿದ ಜಾಗವನ್ನೇ ಅಂಗೈಯಿಂದ ಸವರಿದಳು. ಮನಸ್ಸಿನಲ್ಲಿ ಮಾತ್ರ ಒಂದೇ ಗೋಳು. ನನ್ನ ಮಗಳು ಎಲ್ಲಿಗೆ ಬತ್ತಾಳೆ? ಎಲ್ಲಿಗೆ ಬತ್ತಾಳೆ?

ಊರಿನ ಒನಕೆಗಳೆಲ್ಲ ಬಂದವು. ಮನೆಯ ಅಡಿಗೆ ಒನಕೆ ಹಾಕಿ ಉರುಳಿಸುವುದು ಅಂತ ತೀರ್ಮಾನವಾಯಿತು. ಮನೆ ಹಟ ಹಿಡಿಯಿತು. "ಮನೆಯೊಡತಿ ಒಳಗೆ ಕೂತರೆ ಹೊರಡುತ್ತೀನಿ. ಬರೀ ಮನೆ ದಾರೀಲಿ ಹೋದರೆ ನೋಡಿದವರು ಏನಂದಾರು?" ಹಾಗಾಗಿ ದಾರಿ ಕಾಯಲು ಮುದ್ದವ್ವ ಹಿಂದೆ ಉಳಿಯುವ ಹಾಗೂ ಇರಲಿಲ್ಲ.

ಅವಳು ಯೋಚಿಸಿದಳು. ಚೆನ್ನಾಜಿ ಮನೆಯ ಗುರುತು ಹಿಡಿಯುವುದು ಹೇಗೆ? ಮನೆ ಮುಂದಿನ ಹುಣಸೆಮರ ನೋಡಿಯೇ. ಹಾಗಾದರೆ ಹುಣಸೆಮರವೂ ಬರಲಿ!

"ನಾನು ಹುಟ್ಟಿದಾಗಿಂದ ನಿಂತೇ ಇದ್ದೀನಿ, ನಡೆದು ಗೊತ್ತಿಲ್ಲ" ಅಂತು ಮರ. ಅದನ್ನು ಮಲಗಿಸಿ ಹೊತ್ತರು.

ಮರದ ಪಕ್ಕದ ಬಾವಿ? ಅದೂ ಬರಲಿ. "ನೀರು ತುಳುಕಿದರೆ ನನ್ನನ್ನು ಕೇಳಬೇಡಿ" ಅಂತು ಬಾವಿ. ಉಪ್ಪಿನಕಾಯಿ ಜಾಡಿಗೆ ಕಟ್ಟುವ ಹಾಗೆ ಅದರ ಬಾಯಿಗೆ ಬಟ್ಟೆ ಕಟ್ಟಿದರು.

ಪಕ್ಕದ ಮನೆ ಕಾಳಕ್ಕ ಸೊಂಟಕ್ಕೆ ಕೈಕೊಟ್ಟು ನಿಂತಳು. "ಮರ ನಮ್ಮ ಹಿತ್ತಲದು. ಹಿತ್ತಲು ಬಿಟ್ಟು ಮರ ಹೆಂಗೆ ಹೋಯ್ತದೆ?" ಹಿತ್ತಲು ಹೊರಟಿತು. ಹಿತ್ತಲ ಹಿಂದೆ ಕಾಳಕ್ಕನ ಮನೆ ಹೊರಟಿತು. ಆ ಮನೆಗೂ ಅದರಾಚೆ ಮನೆಗೂ ಗೋಡೆ ಒಂದೇ, ಹಾಗಾಗಿ ಅದೂ ಹೊರಟಿತು. ಹೀಗೆ ಗೋಡೆಯಿಂದ ಗೋಡೆಗೆ ಇಡೀ ಊರು, ಕೋಳಿಗೂಡು ಸಮೇತ, ಸೂಲಗಿತ್ತಿ ಸಮೇತ, ಗುಡ್ಡ ಹತ್ತಿತು.

ಮಂತ್ರಿ ಗಾಬರಿಯಾಗಿ ರಾಜನ ಕಿವಿಯಲ್ಲಿ ಕೂಗಿದ. "ಪ್ರಭು, ಊರೆಲ್ಲ ಹೋದರೆ ನಿಮ್ಮ ಕರುಂ ಕುರುಂ ಕೇಳುವವರು ಯಾರು?"

ರಾಜನ ಮುಖ ಹಸಿ ಹಪ್ಪಳವಾಯಿತು. ಕೇಳುವವರಿಲ್ಲದ ಮೇಲೆ ಕುರುಂ ಅಂದರೇನು, ಅನ್ನದಿದ್ದರೇನು? ಅರಮನೆಯೂ ಹೊರಟಿತು. ಚಾಪೆ ಮಾತ್ರ ಅಲ್ಲೇ ಉಳಿಯಿತು. ಎತ್ತಬಾರದಲ್ಲ, ಕಟ್ಟಳೆ.

ಗುಡ್ಡದಾಚೆ ಮುದ್ದವ್ವನ ಮನೆ ಹೊಸ ಜಾಗದ ಅಂಚಿಗೆ ಬಂದು ಗಕ್ಕನೆ ನಿಂತಿತು.

"ಹೊಸ ಜಾಗಕ್ಕೆ ಬಲಗಾಲಿಟ್ಟು ಬರಬೇಕು. ನನ್ನ ಬಲಗಾಲು ಯಾವುದು?"

ಹೊರಗಿದ್ದವರು ಅಡುಗೆಮನೆ ಕಡೆಯದು ಅಂದರು. ಒಳಗಿದ್ದ ಮುದ್ದವ್ವನಿಗೆ ಅದು ಎಡಕ್ಕಿತ್ತು. ಪಂಚಾಯಿತಿ ಸೇರಿತು. ಎಲೆಯಡಿಕೆ ಬಂತು. ಮುದ್ದವ್ವ ಒಳಗೆ ಕೂತು ಸೆರಗಿನ ತುದಿ ಕಚ್ಚಿ ಕಚ್ಚಿ ಜಾಲರಿ ಮಾಡಿಬಿಟ್ಟಳು. ಅಲ್ಲಿ ಗಾಡಿ ಎಲ್ಲಿಗೆ ಬಂತೋ! ಮಗಳಿಗೆ ನೋವು ಬಂತೋ!

"ಎರಡೂ ಕಾಲಲ್ಲಿ ನೆಗಿ, ಮುಂಡೇದೇ!" ಅಂತ ಕಿರುಚಿದಳು.

ಮನೆ ನೆಗೆಯಿತು. ಧಡಾರನೆ ಕೂತಿತು. ಎಲ್ಲರೂ ಕೆಳಗೆ ನೋಡಿದರು. ಹುಣಸೆಮರಕ್ಕೆ ನೆರಳಿತ್ತು, ಕಾಳಕ್ಕನಿಗೆ ನೆರಳಿತ್ತು, ಕೋಳಿಗೂ ಇತ್ತು. ಮುದ್ದವ್ವನ ಮನೆಗೆ ಇರಲಿಲ್ಲ. ಅದು ಹಸಿ ಹಪ್ಪಳಕ್ಕೆ ಅಂಟಿಕೊಂಡು ಹಿಂದೆಯೇ ಉಳಿದಿತ್ತು.

"ಅಯ್ಯೋ, ನನ್ನ ಹಪ್ಪಳ!" ಅಂದ ರಾಜ.

"ಅಯ್ಯೋ, ನನ್ನ ಮಗಳು!" ಅಂದಳು ಮುದ್ದವ್ವ.

ಇಬ್ಬರೂ ಒಂದೇ ದಾರಿಯಲ್ಲಿ ಬಿದ್ದಂಬೀಳ ಓಡಿದರು.

ಇತ್ತ ಗಾಡಿ ಬಂದಿತ್ತು. ಗಾಡಿಯವನು ಎತ್ತು ನಿಲ್ಲಿಸಿ ತಲೆ ಕೆರೆದುಕೊಂಡ. "ಅಕ್ಕಾ, ಊರೇ ಇಲ್ಲ."

ಚೆನ್ನಾಜಿ ಇಳಿದು ನೋಡಿದಳು. ಮರವಿಲ್ಲ, ಬಾವಿಯಿಲ್ಲ, ಕೇಳೋಣವೆಂದರೆ ಒಂದು ನರಪಿಳ್ಳೆಯಿಲ್ಲ. ಹೊಟ್ಟೆಯಲ್ಲಿ ಚಳುಕು ಎದ್ದಿತು. ಗಾಡಿಯವನು ಸೂಲಗಿತ್ತಿಯನ್ನು ಹುಡುಕಿಕೊಂಡು ಓಡಿದ. ಬಯಲಲ್ಲಿ ಒಬ್ಬಳೇ ನಿಂತ ಹುಡುಗಿಗೆ ಭಯವಾಯಿತು, ಅಳು ಬಂತು. ತಲೆ ತಗ್ಗಿಸಿ ಅಳುವಾಗ ನೆಲದ ಮೇಲೊಂದು ನೆರಳು ಕಂಡಿತು. ನೆರಳಿನ ನೆತ್ತಿಯಲ್ಲಿ ಒಂದು ಹೆಂಚು ಮುರಿದಿತ್ತು. ಚಿಕ್ಕವಳಿದ್ದಾಗ ಹುಣಸೆಕಾಯಿಗೆ ಕಲ್ಲು ಬೀಸಿ ತಾನೇ ಮುರಿದ ಹೆಂಚು!

"ಅವ್ವಾ?" ಅಂದಳು ಚೆನ್ನಾಜಿ.

"ಅವ್ವ ಬತ್ತಾಳೆ. ಬಾ ಮಗಾ, ಬಲಗಾಲಿಟ್ಟು ಒಳಗೆ ಬಾ" ಅಂತು ನೆರಳು.

ಅವಳು ನೆರಳಿನ ಬಾಗಿಲಲ್ಲಿ ಬಲಗಾಲಿಟ್ಟು ನೆರಳಿನ ಕೋಣೆಗೆ ಹೋದಳು. ಅಲ್ಲಿ ತಂಪಿತ್ತು, ಕತ್ತಲಿತ್ತು, ಗಾಳಿಯೂ ಸುಳಿಯಲಿಲ್ಲ. ಹಸಿವಾಗಿತ್ತು, ಕೈಗೆ ಸಿಕ್ಕ ಹಸಿ ಹಪ್ಪಳ ಒಂದನ್ನು ಬಾಯಿಗೆ ಹಾಕಿಕೊಂಡಳು. ಬಸುರಿ ಬಯಕೆ, ಬಹಳ ರುಚಿಯಾಯಿತು.

ಮುದ್ದವ್ವ ಓಡಿಬಂದಾಗ ನೆರಳಿನೊಳಗಿಂದ ಕೂಸು ಅತ್ತ ಸದ್ದು ಕೇಳಿಸಿತು. ಅವಳು ಅಂಬೆಗಾಲಿಕ್ಕಿಕೊಂಡೇ ಒಳಗೆ ಹೋಗಿ ಮಗಳ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಗಳಗಳ ಅತ್ತಳು.

ಹಿಂದೆಯೇ ರಾಜ ನುಗ್ಗಿದ. "ನನ್ನ ಹಪ್ಪಳ!"

"ಬುದ್ಧೀ, ಅಲ್ಲೇ ನಿಂತ್ಕಳಿ!" ಮುದ್ದವ್ವ ಗದರಿದಳು. "ಬಾಣಂತಿ ಕ್ವಾಣೆ. ಗಂಡಸರು ಬರಂಗಿಲ್ಲ."

ರಾಜನಾದರೇನು, ನಿಂತ. "ಹಾಗಾದರೆ ನೆರಳನ್ನಾದರೂ ತೆಗೆಯಿರಿ."

"ಬಾಣಂತಿ ಮ್ಯಾಲೆ ಬಿಸಿಲು ಬಿಡಾಕಾಯ್ತದಾ?"

ರಾಜ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಅಳುಮುಖ ಮಾಡಿದ. ಮುದ್ದವ್ವನಿಗೆ ಅಯ್ಯೋ ಅನ್ನಿಸಿತು. ಚಾಪೆಯ ತುದಿ ಹಿಡಿದು ಸರ್ರನೆ ಒಂದು ಮಾರು ಆಚೆಗೆ ಎಳೆದಳು. ಅಂಟು ಬಿಟ್ಟ ನೆರಳು ಬಾಣಂತಿಯ ಮೇಲೇ ಉಳಿಯಿತು, ಹಪ್ಪಳದ ಮೇಲೆ ಬಿಸಿಲು ಬಿತ್ತು.

"ಚಾಪೆ ಎತ್ತಿದೆಯಾ!" ರಾಜ ಬೆಚ್ಚಿಬಿದ್ದ.

"ಎತ್ತಲಿಲ್ಲ ಬುದ್ಧೀ. ಎಳೆದೆ."

ಏದುಸಿರು ಬಿಡುತ್ತ ಬಂದ ಮಂತ್ರಿ ಚಾಪೆ ನೋಡಿದ, ರಾಜನನ್ನು ನೋಡಿದ, ಆಮೇಲೆ ತಾನು ದಾಟಿ ಬಂದ ಗುಡ್ಡವನ್ನು ನೋಡಿದ.

ಅಷ್ಟರಲ್ಲಿ ಗುಡ್ಡದ ಮೇಲಿಂದ ದಡಬಡ ಸದ್ದು. ನೆರಳಿಲ್ಲದೆ ಕಂಗಾಲಾದ ಮನೆ ಒನಕೆಗಳನ್ನೂ ಬಿಟ್ಟು ಓಡಿಬರುತ್ತಿತ್ತು. ಅದರ ಹಿಂದೆ ಹುಣಸೆಮರ, ಬಾವಿ, ಸೊಂಟಕ್ಕೆ ಕೈಕೊಟ್ಟ ಕಾಳಕ್ಕ. ಮನೆ ಬಂದು ಕೂಸು ಏಳದ ಹಾಗೆ ಮೆಲ್ಲಗೆ ತನ್ನ ನೆರಳಿನ ಪಕ್ಕ ಕೂತಿತು. ಯಾವ ಕಾಲು ಮೊದಲು ಇಟ್ಟಿತು ಅಂತ ಯಾರೂ ಕೇಳಲಿಲ್ಲ.

ಇಷ್ಟೇ ಕತೆ. ನೀತಿ ಬೇಕೇನು? ತಗೊಳ್ಳಿ. ಮನೆ ಬದಲಾಯಿಸುವಾಗ ಪಾತ್ರೆ ಪಡಗ ಎಲ್ಲ ಒಯ್ಯಿರಿ, ಗೋಡೆಯ ಮೊಳೆಯನ್ನೂ ಬಿಡಬೇಡಿ. ನೆರಳನ್ನು ಮಾತ್ರ ಅಲ್ಲೇ ಬಿಟ್ಟುಹೋಗಿ. ನೀವು ಹೋದದ್ದು ಗೊತ್ತಿಲ್ಲದೆ ನಿಮ್ಮವರು ಯಾರಾದರೂ ಬಂದರೆ, ಕೂರಲಿಕ್ಕೆ ಬೇಕಾಗುತ್ತದೆ.

ಅವರ ಹಪ್ಪಳ ಒಣಗಿತು, ನನ್ನ ಗಂಟಲೂ ಒಣಗಿತು. ಹೂಂ ಅಂದವರು ಒಂದು ಲೋಟ ನೀರು ಕೊಡಿ.