ಹುಣಸೆಬೀಜದ ಸರಿ

ಪೂಜ್ಯ ರೇವಣ ಒಡೆಯರು ತಮ್ಮ ಕೊನೆಯ ವರ್ಷಗಳನ್ನು ಕರಿಯೋಬನಹಳ್ಳಿಯ ಗದ್ದುಗೆಯ ಪಕ್ಕದ ತಗಡಿನ ಕೋಣೆಯಲ್ಲಿ ಕಳೆದರು. ಕಂಬಳಿ ನೇಯುವವರ ಊರದು. ಉಣ್ಣೆಯ ನೂಲು ಗಟ್ಟಿಯಾಗಲು ಹುಣಸೆಬೀಜದ ಸರಿ ಎಂಬ ಅಂಟುಗಂಜಿ ಹಚ್ಚಬೇಕು. ದಿನವೂ ಬೆಳಿಗ್ಗೆ ಆ ಸರಿಯನ್ನು ಕಾಯಿಸಿ, ಮಗ್ಗವಿರುವ ಮನೆಮನೆಗೂ ಹೊತ್ತು ಮುಟ್ಟಿಸುವುದನ್ನೇ ಒಡೆಯರು ತಮ್ಮ ಪೂಜೆಯೆಂದು ಭಾವಿಸಿದ್ದರು.

ಒಂದು ಕಾಲಕ್ಕೆ ಅಲ್ಲಿ ನಲವತ್ತು ಮಗ್ಗಗಳಿದ್ದವು. ನೇಕಾರರ ಸಂಘವಿತ್ತು. ಹೆಣ್ಣುಮಕ್ಕಳು ಅದರ ಪಡಸಾಲೆಯಲ್ಲಿ ಕೂತು ಹಾಡುತ್ತ ನೂಲುತ್ತಿದ್ದರು. ಮದುವೆಯ ಮಾತುಕತೆ, ಜಗಳದ ಪಂಚಾಯಿತಿ ಎಲ್ಲವೂ ಅಲ್ಲೇ ಮುಗಿಯುತ್ತಿದ್ದವು. ಆ ಸಂಘವನ್ನು ಕಟ್ಟಿದವರು ಕೆಂಚವೀರಪ್ಪ ಮತ್ತು ಅವನ ಗೆಳೆಯ ಚಿತ್ತಯ್ಯ. ಅಧ್ಯಕ್ಷ ಯಾರಾಗಬೇಕೆಂಬ ಒಂದೇ ಮಾತಿಗೆ ಇಬ್ಬರೂ ಕಿತ್ತಾಡಿದರು. ಊರು ಎರಡು ಪಾಲಾಯಿತು, ಸಂಘಕ್ಕೆ ಬೀಗ ಬಿತ್ತು. ಮಿಲ್ಲಿನ ಅಗ್ಗದ ಕಂಬಳಿ ಬಂದಾಗ ಒಟ್ಟಾಗಿ ನಿಲ್ಲಲು ಯಾರೂ ಉಳಿದಿರಲಿಲ್ಲ. ಒಂದೊಂದೇ ಮನೆಯವರು ಗಾರೆ ಕೆಲಸಕ್ಕೆಂದು ಊರು ಬಿಟ್ಟರು.

ಆ ಜಗಳವಾಗಿ ಹನ್ನೆರಡು ವರ್ಷದ ಮೇಲೆ ಒಂದು ಮುಂಜಾನೆ ಕೆಂಚವೀರಪ್ಪ ಗದ್ದುಗೆಗೆ ಬಂದನು. ಹಿಂದಿನ ದಿನವಷ್ಟೇ ತನ್ನ ಮಗ್ಗದ ಮರವನ್ನು ತಾನೇ ಸೀಳಿ ಒಲೆಗೆ ಹಾಕಿದ್ದನು. ಒಡೆಯರು ಒಲೆಯ ಮುಂದೆ ಕೂತು ಸರಿ ತಿರುವುತ್ತಿದ್ದರು. ಅದನ್ನು ಕಂಡು ಅವನಿಗೆ ರೇಗಿತು.

“ಊರೇ ಸತ್ತೋಯ್ತಲ್ಲ ಸ್ವಾಮಿ! ಇನ್ನೂ ಯಾರಿಗೆ ಕಾಯಿಸ್ತಿದ್ದೀರಿ ಇದನ್ನ?”

“ಚಿತ್ತಯ್ಯನದೊಂದು ಮಗ್ಗ ಐತೆ,” ಎಂದರು ಒಡೆಯರು.

“ಅವನಿಗೆ ಕಣ್ಣೇ ಕಾಣಲ್ಲ. ಅವನು ನೇಯ್ದದ್ದನ್ನ ಹೊದೆಯೋರು ಯಾರು? ಇದರಿಂದ ಊರು ಮತ್ತೆ ಏಳ್ತದಾ?”

“ಇಲ್ಲ ಮಗ, ಏಳಲ್ಲ.” ಒಡೆಯರು ಗಡಿಗೆಯನ್ನು ಅವನತ್ತ ಸರಿಸಿದರು. “ಇವತ್ತು ನನ್ನ ಕೈಲಿ ಎತ್ತಕ್ಕಾಗಲ್ಲ. ನೀನೇ ಕೊಟ್ಟು ಬಾ.”

ಸಮಾಧಾನದ ಮಾತೊಂದನ್ನು ಬಯಸಿ ಬಂದಿದ್ದವನಿಗೆ ಆ ‘ಇಲ್ಲ’ ಎದೆಗೆ ಬಡಿದಂತಾಯಿತು. ಗಡಿಗೆಯನ್ನು ಎತ್ತಿಕೊಂಡನು.

ಚಿತ್ತಯ್ಯ ಅಂಗಳದಲ್ಲಿ ಹಾಸಿನ ಉದ್ದನೆಯ ಎಳೆಗಳ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ ತಡವುತ್ತಿದ್ದನು. ಹೆಜ್ಜೆಯ ಸಪ್ಪಳ ಕೇಳಿ, “ಇಟ್ಟೋಗಿ ಸ್ವಾಮಿ,” ಎಂದನು. “ಕೆಂಚವೀರನ್ನ ಕರೆಸ್ಲಾ ಅಂತ ಇವತ್ತೂ ಕೇಳ್ಬೇಡಿ. ದಿನಾ ಬೇಡ ಅಂದು ಅಂದು ನನಗೂ ಸಾಕಾಗೈತೆ.”

ಕೆಂಚವೀರಪ್ಪ ಗಡಿಗೆಯನ್ನು ಕೆಳಗಿಟ್ಟನು. ಸರಿ ಹಚ್ಚುವುದು ಇಬ್ಬರ ಕೆಲಸ. ಒಬ್ಬ ಎಳೆಗಳನ್ನು ಬಿಗಿಯಾಗಿ ಹಿಡಿಯಬೇಕು, ಇನ್ನೊಬ್ಬ ಕುಂಚದಿಂದ ಸವರಬೇಕು. ಅವನು ಇನ್ನೊಂದು ತುದಿಯಲ್ಲಿ ಕೂತು ಎಳೆ ಹಿಡಿದನು. ಬಿಸಿಲು ನೆತ್ತಿಗೇರಿತು. ಸವರುತ್ತ ಸವರುತ್ತ ಬಂದ ಚಿತ್ತಯ್ಯನ ಬೆರಳು ಅವನ ಬೆರಳಿಗೆ ತಾಗಿ ಅಲ್ಲೇ ನಿಂತಿತು.

“ಎಷ್ಟು ಮುದುಕ ಆಗಿದ್ದೀಯೋ,” ಎಂದನು ಚಿತ್ತಯ್ಯ. ಕುಂಚವನ್ನು ಮತ್ತೆ ಸರಿಗೆ ಅದ್ದಿ, “ಇನ್ನೊಂಚೂರು ಎಳಿ. ಸಡಿಲ ಆಗೈತೆ,” ಎಂದನು.

ಆ ಹಾಸಿನಿಂದ ಒಂದೇ ಒಂದು ಕಂಬಳಿಯಾಯಿತು. ಅದು ಮಗ್ಗದಿಂದ ಇಳಿದ ವಾರದಲ್ಲೇ ಚಿತ್ತಯ್ಯ ತೀರಿಕೊಂಡನು. ಶ್ರಾವಣ ಕಳೆಯುವಷ್ಟರಲ್ಲಿ ಒಡೆಯರೂ ಶಿವೈಕ್ಯರಾದರು. ಅವರು ಹೇಳಿದ್ದೇ ಆಯಿತು, ಊರು ಏಳಲಿಲ್ಲ.

ಕೆಂಚವೀರಪ್ಪ ಮೊದಲೆಲ್ಲ ಕಂಡಕಂಡವರ ಮುಂದೆ ಮಿಲ್ಲಿನವರನ್ನು ಬೈಯುತ್ತಿದ್ದನು. ಆಮೇಲೆ ಬೈಯಲಿಲ್ಲ. ಸುತ್ತಿನ ಯಾವ ಊರಿನ ಸಂಘದಲ್ಲಾದರೂ ಒಡಕೆಂದು ಕಿವಿಗೆ ಬಿದ್ದರೆ ಅಲ್ಲಿಗೆ ನಡೆದೇ ಹೋಗುತ್ತಿದ್ದನು. ಕರೆಯದೆ ಬಂದ ಮುದುಕನನ್ನು ಕಂಡು ಅಲ್ಲಿನವರು ನೀನ್ಯಾರೆಂದು ಕೇಳಿದರೆ ಕೈಮುಗಿದು ಹೇಳುತ್ತಿದ್ದನು: “ಕರಿಯೋಬನಹಳ್ಳೀನ ಹಾಳು ಮಾಡಿದೋನು ನಾನೇ ಸ್ವಾಮಿ.”