ಎರಡು ಬೆರಳಿನ ಸಡಿಲ

ನಲವತ್ತು ವರ್ಷ ರೇಸ್ ಬೈಕ್ ಬಿಚ್ಚಿ ಕಟ್ಟಿದವ್ನು ನಾನು, ಈ ಕತೆ ನನ್ನಷ್ಟು ಸರಿಯಾಗಿ ಯಾವನೂ ಹೇಳಲ್ಲ.

ಮಣ್ಣಿನ ದಿಬ್ಬ ಹಾರೋ ರೇಸು. ಶನಿವಾರ ಪ್ರಾಕ್ಟೀಸಿಗೆ ಮುಂಚೆ ರೈಡರ್ ಚಂಗಪ್ಪ ಬೈಕಿನ ಚೈನನ್ನ ಎರಡು ಬೆರಳಷ್ಟು ಸಡಿಲ ಬಿಟ್ಟ. ಚೈನಿಗೆ ಅವಮಾನ ಆಯ್ತು.

"ಜೋತಾಡೋಕೆ ನಾನೇನು ಒಣಗಾಕಿರೋ ಪಂಚೆನಾ?"

ಹಿಂದಿನ ಶಾಕ್ ಅಬ್ಸಾರ್ಬರ್ ಹೇಳ್ತು, "ತಡ್ಕೊ ತಮ್ಮಾ. ದಿಬ್ಬ ಹಾರಿ ಬಿದ್ದಾಗ ನಾನು ಕುಸೀತೀನಿ, ನೀನು ಸೆಟೀತೀಯ. ಆ ಸಡಿಲ ಆಗ ಬೇಕಾಗುತ್ತೆ."

"ಕುಸಿಯೋರ ಬುದ್ಧಿ ನಂಗೆ ಬೇಡ."

ಪ್ರಾಕ್ಟೀಸ್ ಪೂರ್ತಿ ಚೈನು ಕಟಕಟ ಅಂತು. ಸದ್ದಿಗೆ ಬೇಜಾರಾಗಿ ಚಂಗಪ್ಪ ಅದನ್ನ ಬಿಗಿ ಮಾಡ್ದ.

ಭಾನುವಾರ ರೇಸಲ್ಲಿ ಅವನೇ ಎಲ್ಲರಿಗಿಂತ ಮುಂದಿದ್ದ. ಕೊನೇ ದಿಬ್ಬ ಹಾರಿ ಬೈಕ್ ನೆಲಕ್ಕಿಳೀತು. ಶಾಕ್ ಕುಸೀತು, ಚೈನು ಫಟ್ ಅಂತ ತುಂಡಾಯ್ತು.

ಚಂಗಪ್ಪ ಬೈಕ್ ತಳ್ಕೊಂಡು ವಾಪಸ್ ಬಂದ. ಹ್ಯಾಂಡಲ್ ಮೇಲೆ ಚೈನು ಪಂಚೆ ಥರ ಜೋತಾಡ್ತಿತ್ತು.